ಶನಿವಾರ ಬೆಳಿಗ್ಗೆ ಎಂಟರ ವಿಮಾನ

“ನೈರೋಬಿಗೆ ಎಷ್ಟು ಹೊತ್ತಾಗತ್ತೆ?”

ಗಾಂಧಿ ಬಜಾರಿನ ಟ್ರಾವೆಲ್ ಏಜೆನ್ಸಿಯಲ್ಲಿ ಟಿಕೆಟ್ ಬರೆಯುತ್ತಿದ್ದ ಶ್ರೀವಿದ್ಯಾ ತಲೆಯೆತ್ತಿದಳು. ಎದುರಿಗೆ ನಿಂತವನ ಕಣ್ಣು ನೋಡಿದ್ದೇ, ಬಾಯಿಪಾಠವಾಗಿದ್ದ ಉತ್ತರ ಮರೆತೇಹೋಯಿತು!

“ಬಾಂಬೆಗೆ ಒಂದೂವರೆ ಗಂಟೆ... ಅಲ್ಲಿಂದ ಆರು ಗಂಟೆ. ಐದು ಸಾವಿರ ಕಿಲೋಮೀಟರ್ ದಾಟತ್ತೆ.”

“ಅಷ್ಟೇನಾ? ಬಸ್ಸಲ್ಲಿ ಬೀದರ್‌ಗೆ ಹೋಗೋಕೆ ಇದಕ್ಕಿಂತ ಜಾಸ್ತಿ ಹೊತ್ತು ಬೇಕಲ್ರೀ!” ಎಂದು ಅವನು ನಕ್ಕ.

ಅವನು ಅಭಿರಾಮ. 1994ರ ಆ ಜನವರಿಯಲ್ಲಿ ಅವನಿಗೆ ನೈರೋಬಿಯ ಶಾಲೆಯೊಂದರಲ್ಲಿ ಗಣಿತದ ಮೇಷ್ಟರ ಕೆಲಸ ಸಿಕ್ಕಿತ್ತು. ತಾಯಿ ಅಲಮೇಲು ಅವರದು ಒಂದೇ ಷರತ್ತು: ವಿಮಾನ ರಾಹುಕಾಲದಲ್ಲಿ ನೆಲ ಬಿಡಬಾರದು. ಬಸವನಗುಡಿಯಲ್ಲಿ ಇದೇನೂ ಹೊಸದಲ್ಲ. ಶ್ರೀವಿದ್ಯಾಳ ಡ್ರಾಯರಿನಲ್ಲಿ ವಿಮಾನಗಳ ವೇಳಾಪಟ್ಟಿಯ ಜೊತೆಗೆ ಪಂಚಾಂಗವೂ ಇರುತ್ತಿತ್ತು.

ಬಾಂಬೆಯಿಂದ ನೈರೋಬಿಗೆ ವಾರಕ್ಕೆ ಎರಡೇ ವಿಮಾನ; ಅದನ್ನು ಹಿಡಿಯಲು ಸೋಮವಾರ ಇಲ್ಲವೇ ಶನಿವಾರ ಬೆಳಿಗ್ಗೆ ಎಂಟಕ್ಕೆ ಇಲ್ಲಿಂದ ಹೊರಡಬೇಕಿತ್ತು. ಸೋಮವಾರ ಎಂಟಕ್ಕೆ ನಿಜಕ್ಕೂ ರಾಹುಕಾಲ. ಶನಿವಾರ ಯಾವ ಅಡ್ಡಿಯೂ ಇರಲಿಲ್ಲ.

“ಶನಿವಾರಾನೂ ರಾಹುಕಾಲ ಕಣ್ರೀ...” ಎಂದುಬಿಟ್ಟಳು ಶ್ರೀವಿದ್ಯಾ. ಮನಸ್ಸು ಸೋತವರಿಗೆ ಸುಳ್ಳು ಅದೆಷ್ಟು ಸಲೀಸು!

ಮುಂದಿನ ವಾರ ಬಂದ. ಸೀಟಿಲ್ಲ ಎಂದಳು. ಮತ್ತೊಂದು ವಾರ ಬಿಟ್ಟು ಬಂದ. ಅಮಾವಾಸ್ಯೆ ಹತ್ತಿರ ಎಂದಳು. ಬಂದಾಗಲೆಲ್ಲ ಅರ್ಧ ಗಂಟೆ ಕೂತು, ತಾನು ಪಾಠ ಹೇಳುವ ಮಕ್ಕಳ ತರಲೆಗಳನ್ನು ಹೇಳಿ ನಗಿಸಿ ಹೋಗುತ್ತಿದ್ದ. ಅವನು ಎದ್ದು ಹೋದ ಮೇಲೆ ಅವಳು ಆ ಖಾಲಿ ಕುರ್ಚಿಯನ್ನೇ ನೋಡುತ್ತಾ ಕೂರುವಳು. ಗೋಡೆಯ ಭೂಪಟದಲ್ಲಿ ಬೆಂಗಳೂರಿನಿಂದ ನೈರೋಬಿಗೆ ಒಂದು ಗೇಣೂ ಇರಲಿಲ್ಲ. ಆದರೂ ಅಲ್ಲಿ ಬೆರಳಿಟ್ಟಾಗಲೆಲ್ಲ ಕಣ್ಣು ತುಂಬುತ್ತಿತ್ತು. ಅವನಿನ್ನೂ ಹೋಗಿಯೇ ಇಲ್ಲ, ಆಗಲೇ ಇಷ್ಟು ಸಂಕಟ!

ನಾಲ್ಕನೆಯ ಸಲ ಬಂದಾಗ ಅವನು ಒಂದು ಪತ್ರ ಮುಂದಿಟ್ಟ. ಹತ್ತು ದಿನದೊಳಗೆ ಬರದಿದ್ದರೆ ಕೆಲಸ ಬೇರೆಯವರಿಗೆ ಎಂದು ಶಾಲೆಯವರು ಬರೆದಿದ್ದರು.

ಶ್ರೀವಿದ್ಯಾ ಪತ್ರವನ್ನು ಎರಡು ಸಲ ಓದಿದಳು. ‘ಅಯ್ಯೋ... ನನ್ನ ಆಸೆಗೆ ಇವರ ಬದುಕು ಹಾಳು ಮಾಡ್ತಿದೀನಲ್ಲಾ!’

ಶನಿವಾರದ ಟಿಕೆಟ್ ಬರೆಯತೊಡಗಿದಳು. ಕಣ್ಣು ಮಂಜಾಗಿ ಅಕ್ಷರ ಸರಿಯಾಗಿ ಕಾಣಲಿಲ್ಲ.

“ಶನಿವಾರ ರಾಹುಕಾಲ ಅಲ್ವಾ?” ಎಂದ ಅಭಿರಾಮ.

“ಅಲ್ಲ. ಸುಳ್ಳು ಹೇಳ್ದೆ. ಸೀಟೂ ಇತ್ತು. ನೀವು ಹೋಗೋದು ನನಗೆ... ನನಗೆ ಬೇಡವಾಗಿತ್ತು. ಕ್ಷಮಿಸಿ.”

ಇನ್ನೇನು ಬೈಯುತ್ತಾನೆ ಎಂದು ಅವಳು ತಲೆ ತಗ್ಗಿಸಿದಳು.

“ನನಗೆ ಗೊತ್ತಿತ್ತು,” ಎಂದ ಅವನು ಮೆಲ್ಲಗೆ. “ಶನಿವಾರ ರಾಹುಕಾಲ ಶುರುವಾಗೋದೇ ಒಂಬತ್ತಕ್ಕೆ ಅಂತ ಅಮ್ಮ ಮೊದಲನೇ ದಿನಾನೇ ಹೇಳಿದ್ರು. ‘ಆ ಹುಡುಗಿಗೆ ಪಂಚಾಂಗ ನೋಡೋಕೆ ಬರಲ್ವೋ, ನಿನ್ನ ಕಳ್ಸೋಕೆ ಮನಸ್ಸಿಲ್ವೋ, ಸರಿಯಾಗಿ ತಿಳ್ಕೊಂಡು ಬಾ’ ಅಂದ್ರು.”

“ಮತ್ತೆ ಇಷ್ಟು ದಿನ ಯಾಕ್ರೀ ಸುಮ್ನಿದ್ರಿ?”

“ಕೇಳೋಕೆ ಧೈರ್ಯ ಸಾಲ್ಲಿಲ್ಲ. ಇವತ್ತು ಕೇಳ್ತೀನಿ. ನಾನು ಈ ಶನಿವಾರ ಹೋಗ್ಲೇಬೇಕು. ಏಪ್ರಿಲ್ ರಜಕ್ಕೆ ಬರ್ತೀನಿ. ಅಷ್ಟರಲ್ಲಿ... ನಾಳೆ ಅಮ್ಮ ನಿಮ್ಮ ಮನೆಗೆ ಬರಬಹುದಾ?”

ಅಳು, ನಗು ಎರಡೂ ಒಟ್ಟಿಗೇ ಬಂದವು. ಅವಳು ಹೂಂ ಎಂದು ತಲೆಯಾಡಿಸಿದಳು. ಆಮೇಲೆ ಹಿಂಜರಿಯುತ್ತಾ ಹೇಳಿದಳು.

“ಊರಿಗೆಲ್ಲಾ ಟಿಕೆಟ್ ಬರ್ಕೊಡ್ತೀನಿ. ನಾನೇ ಒಂದು ಸಲಾನೂ ವಿಮಾನ ಹತ್ತಿಲ್ಲ. ಭಯ ಆಗತ್ತೆ...”

“ಕೈ ಹಿಡ್ಕೊಂಡಿರ್ತೀನಿ.”

“ಇಡೀ ದಾರಿ?”

“ಇಳಿದ ಮೇಲೆ ಬಿಟ್ಬಿಡ್ತೀನಿ ಅಂದ್ಕೊಂಡ್ರಾ?”