ಕಿರಿಸೊಸೆಯ ಮಧ್ಯಾಹ್ನ

"ಕೆಲಸ ಬಿಡ್ತೀಯಾ? ಯಾರನ್ನ ಕೇಳಿ?"

ಅತ್ತೆಯ ಕೈಯಲ್ಲಿದ್ದ ಸೌಟು ಪಾತ್ರೆಯ ಅಂಚಿಗೆ ಬಡಿಯಿತು. ಭಾನುವಾರದ ಊಟಕ್ಕೆ ಕುಳಿತವರೆಲ್ಲ ತಟ್ಟೆಯಿಂದ ತಲೆಯೆತ್ತಿದರು.

"ಪೂರ್ತಿ ಬಿಡ್ತಿಲ್ಲ ಅತ್ತೆ," ಎಂದಳು ಕಿರಿಸೊಸೆ. "ಮುಂದಿನ ತಿಂಗಳಿಂದ ಬೆಳಗಿನ ಹೊತ್ತು ಮಾತ್ರ ಹೋಗ್ತೀನಿ. ಒಂದು ಗಂಟೆಗೆ ಮನೆಗೆ ಬಂದುಬಿಡ್ತೀನಿ."

"ಸಂಬಳ?"

"ಅರ್ಧ ಸಿಗುತ್ತೆ. ಅದೂ ಇಲ್ಲದಿದ್ರೂ ನಡೆಯುತ್ತೆ."

"ಕೇಳಿದ್ಯೇನೋ ದೊಡ್ಡೋನೆ! ಅದೂ ಇಲ್ಲದಿದ್ರೂ ನಡೆಯುತ್ತಂತೆ! ಮೂವತ್ತೊಂದನೇ ವಯಸ್ಸಿಗೇ ಪಿಂಚಣಿ ತಗೊಂಡ್ಳಪ್ಪಾ ನಿನ್ನ ತಮ್ಮನ ಹೆಂಡತಿ!"

ದೊಡ್ಡ ಮಗ ಇನ್ನೊಂದು ತುತ್ತು ಬಾಯಿಗಿಟ್ಟ. ಹಿರಿಸೊಸೆ ನಕ್ಕಳು. "ನಮ್ಮ ಉಳಿತಾಯ ಮಂತ್ರಿಗಳು ರಾಜೀನಾಮೆ ಕೊಟ್ರು ಅನ್ನಿ." ಆ ಅಡ್ಡಹೆಸರು ಅವಳೇ ಇಟ್ಟದ್ದು.

ಹೆಸರಿಟ್ಟದ್ದರಲ್ಲಿ ತಪ್ಪೇನೂ ಇರಲಿಲ್ಲ. ಕಿರಿಮಗ ಲಿಫ್ಟು ರಿಪೇರಿ ಮಾಡುವವನು. ಅವನ ಹೆಂಡತಿ ಕನ್ನಡಕದ ಅಂಗಡಿಯ ಹಿಂಬದಿ ಕೋಣೆಯಲ್ಲಿ ಗ್ಲಾಸು ಉಜ್ಜಿ ಫ್ರೇಮಿಗೆ ಕೂರಿಸುವವಳು. ಮದುವೆಯಾದಾಗಿನಿಂದ ಏಳು ವರ್ಷ ಇಬ್ಬರೂ ಆ ಮನೆಯ ಮಹಡಿಯ ಒಂದೇ ಕೋಣೆಯಲ್ಲಿ, ಮೂಲೆಯಲ್ಲೊಂದು ಒಲೆಯಿಟ್ಟುಕೊಂಡು, ಒಬ್ಬರ ಸಂಬಳದಲ್ಲಿ ಬದುಕಿದ್ದರು. ಇನ್ನೊಬ್ಬರ ಸಂಬಳವನ್ನು ಮುಟ್ಟಿರಲಿಲ್ಲ. ಹಾಗೆ ಕೂಡಿದ ಹಣದಲ್ಲಿ ಒಂದು ಪುಟ್ಟ ಮಳಿಗೆ ಕೊಂಡು ಗಡಿಯಾರ ರಿಪೇರಿಯವನಿಗೆ ಬಾಡಿಗೆಗೆ ಕೊಟ್ಟಿದ್ದರು, ಮಿಕ್ಕದ್ದು ಬ್ಯಾಂಕಿನಲ್ಲಿತ್ತು. ಈಗ ಬಾಡಿಗೆ, ಬಡ್ಡಿ ಎರಡೂ ಸೇರಿ ಅವರ ಸಣ್ಣ ಖರ್ಚಿಗೆ ಸಾಕಾಗುತ್ತಿತ್ತು. ಅವನಿಗೆ ತನ್ನ ಕೆಲಸ ಇಷ್ಟ. ಬಿಡು ಎಂದರೂ ಬಿಡುವವನಲ್ಲ. ಬೇಕಾಗಿದ್ದದ್ದು ಅವಳಿಗೆ.

ಏನು ಬೇಕಾಗಿತ್ತೆಂದು ಅವಳಿಗೆ ತಿಳಿದದ್ದು ಮದುವೆಯಾದ ಮೊದಲ ವರ್ಷ. ಅಂಗಡಿಯ ಹಿಂಬದಿ ಕೋಣೆಗೆ ಕಿಟಕಿಯಿಲ್ಲ. ಒಂದು ದಿನ ಕರೆಂಟು ಹೋಗಿ ಉಜ್ಜುವ ಯಂತ್ರ ನಿಂತಾಗ ಅವಳು ಒದ್ದೆ ಕೈ ಒರೆಸಿಕೊಳ್ಳುತ್ತಾ ಬೀದಿಗೆ ಬಂದಿದ್ದಳು. ಎರಡು ಗಂಟೆಯ ಬಿಸಿಲು. ಎದುರು ಮನೆಯ ಮುದುಕಿ ಮೆಟ್ಟಿಲ ಮೇಲೆ ಕೂದಲು ಒಣಗಿಸಿಕೊಳ್ಳುತ್ತಿದ್ದಳು. ಒಂದು ಬೆಕ್ಕು ಗೋಡೆಯ ಮೇಲೆ ಮಲಗಿತ್ತು. ಯಾರಿಗೂ ಅವಸರವಿರಲಿಲ್ಲ... 'ಇದು ದಿನಾ ಹೀಗೇ ಇರುತ್ತಾ, ನಾನಿಲ್ಲದಾಗ?' ಅನ್ನಿಸಿ ಅವಳ ಕಣ್ಣು ತುಂಬಿತ್ತು. ಆ ಸಂಜೆ ಒಂದು ಚೀಟಿಯಲ್ಲಿ 'ಮಧ್ಯಾಹ್ನ' ಎಂದು ಬರೆದು, ಬಾಗಿಲ ಹಿಂದಿನ ಮೊಳೆಗೆ ಚುಚ್ಚಿದಳು.

ಚೀಟಿ ಬರೆಯುವುದು ಗಂಡ ಹೆಂಡತಿಯ ಪದ್ಧತಿ. ಏನಾದರೂ ಬೇಕೆನಿಸಿದರೆ ತಾರೀಖು ಹಾಕಿ ಬರೆದು ಮೊಳೆಗೆ ಚುಚ್ಚುವುದು. ಒಂದು ತಿಂಗಳಾದ ಮೇಲೂ ಬೇಕೆನಿಸಿದರೆ ಕೊಳ್ಳುವುದು, ಇಲ್ಲವಾದರೆ ಚೀಟಿ ಬಿಸ್ಕತ್ತಿನ ಡಬ್ಬಿಗೆ. ಒಳ್ಳೆಯ ಹಾಸಿಗೆ, ಒಂದು ರೇಡಿಯೋ, ಅವನಿಗೆ ಗಟ್ಟಿ ಬೂಟು, ಇವೆಲ್ಲ ಮೊಳೆಯಿಂದ ನೇರ ಮನೆಗೆ ಬಂದವು. ಹೆಚ್ಚಿನವು ಡಬ್ಬಿ ಸೇರಿದವು. 'ಮಧ್ಯಾಹ್ನ' ಮಾತ್ರ ಮೊಳೆಯಲ್ಲೇ ಉಳಿದು ಹಳದಿಯಾಯಿತು.

ಅತ್ತೆ ಇದೊಂದನ್ನೂ ಅರಿಯರು. ಅವರು ಸೌಟು ಕೆಳಗಿಟ್ಟು, ದನಿ ತಗ್ಗಿಸಿ ಹೇಳಿದರು.

"ಆಯ್ತು. ಒಂದು ಗಂಟೆಗೆ ಬರ್ತೀಯಲ್ಲ, ಒಳ್ಳೇದೇ ಆಯ್ತು. ದೊಡ್ಡೋನ ಮಕ್ಕಳಿಬ್ಬರೂ ಎರಡು ಗಂಟೆಗೆ ಶಾಲೆಯಿಂದ ಬರ್ತಾರೆ. ಅವರಿಗೆ ಊಟ, ಪಾಠ, ಆಮೇಲೆ ಸಂಜೆ ಅಡುಗೆ... ಎಲ್ಲಾ ನೀನೇ ನೋಡ್ಕೋ. ನನಗೂ ಮಂಡಿ ನೋವು. ಇವಳಿಗೂ ಆಫೀಸಿನಿಂದ ಬಂದು ಸಾಕಾಗಿರುತ್ತೆ."

"ನಿಜವಾಗ್ಲೂ ಸಾಕಾಗುತ್ತೆ ಕಣೇ," ಎಂದಳು ಹಿರಿಸೊಸೆ. ಆ ಮಾತಿನಲ್ಲಿ ತಮಾಷೆ ಇರಲಿಲ್ಲ.

ಕಿರಿಸೊಸೆ ತಟ್ಟೆ ಸರಿಸಿದಳು. ಏಳು ವರ್ಷ! ಕೂಡಿಟ್ಟ ಮಧ್ಯಾಹ್ನ ಕೈಗೆ ಬರುವ ಮುನ್ನವೇ ಹಂಚಿಹೋಯಿತು... "ಇಲ್ಲ" ಎನ್ನಬೇಕೆಂದುಕೊಂಡಳು. ಬಾಯಿ ಬರಲಿಲ್ಲ. ಗಂಡ ಬಾಯಿ ತೆರೆಯುವಷ್ಟರಲ್ಲಿ ಅವಳು ಅವನ ಕಾಲು ತುಳಿದು ಸುಮ್ಮನಾಗಿಸಿದಳು.

ಅತ್ತೆ ತಡಮಾಡುವವರಲ್ಲ. ಮಕ್ಕಳ ಓದಿಗೆ ಮಹಡಿಯ ಕೋಣೆಯೇ ಸರಿ ಎಂದು ತೀರ್ಮಾನಿಸಿ, ಬುಧವಾರ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ತಮ್ಮ ಬಳಿಯಿದ್ದ ಇನ್ನೊಂದು ಬೀಗದ ಕೈ ಹಿಡಿದು ಮೆಟ್ಟಿಲು ಹತ್ತಿದರು. ಕಿಟಕಿಯ ಕೆಳಗೆ ಮೇಜು ಹಿಡಿಸುತ್ತದೆಯೇ ಎಂದು ಅಳೆಯಲು ಟೇಪು ಬೇಕಿತ್ತು. ಟೇಪು ಹುಡುಕುತ್ತಾ ಬಿಸ್ಕತ್ತಿನ ಡಬ್ಬಿ ತೆರೆದರು.

ಸಂಜೆ ಗಂಡ ಹೆಂಡತಿ ಬಂದಾಗ ಬಾಗಿಲು ತೆರೆದೇ ಇತ್ತು. ಅತ್ತೆ ಮಂಚದ ಮೇಲೆ ಕುಳಿತಿದ್ದರು. ಸುತ್ತ ನೂರಾರು ಚೀಟಿ. ಅವರ ಮೂಗು ಕೆಂಪಾಗಿತ್ತು.

"ಬಾರೋ ಇಲ್ಲಿ!" ಮಗನ ಮೇಲೆ ಎಗರಿದರು. "ಕೆಂಪು ಕೋಟು. ಕಿವಿಯೋಲೆ. ದೊಡ್ಡ ಕನ್ನಡಿ. ಪಾಪ, ಇನ್ನೊಂದು ಸಲ ಕಿವಿಯೋಲೆ! ಹೆಂಡತಿ ಕೇಳಿ ಕೇಳಿ ಬರೆದಿಟ್ಟಿದ್ದಾಳೆ, ಒಂದಾದ್ರೂ ಕೊಡಿಸಿದ್ಯಾ? ಗಂಡಸೇನೋ ನೀನು? ಊರವರನ್ನೆಲ್ಲ ಲಿಫ್ಟಲ್ಲಿ ಹತ್ತಿಸ್ತೀಯ, ಕಟ್ಕೊಂಡವಳನ್ನ ಹೀಗೆ ಉಪವಾಸ ಕೆಡವಿದ್ದೀಯ! ನಾನು ಇವಳನ್ನ ಜಿಪುಣಿ ಅಂದ್ಕೊಂಡಿದ್ದೆ... ಜಿಪುಣ ನನ್ನ ಹೊಟ್ಟೇಲೇ ಹುಟ್ಟಿದ್ದ!"

"ಅಮ್ಮಾ, ಅದು..."

"ಮೀನು ಸಾಕೋ ತೊಟ್ಟಿ! ಒಂದು ಮೀನಿಗೂ ಗತಿಯಿಲ್ಲವೇನೋ ಈ ಹುಡುಗಿಗೆ?"

"ತೊಟ್ಟಿ ನಂದಮ್ಮಾ. ನಾಲ್ಕು ಸಲ ಬರೆದಿದ್ದೆ."

ಕಿರಿಸೊಸೆಗೆ ನಗು ತಡೆಯಲಾಗಲಿಲ್ಲ. ಅತ್ತೆಯ ಪಕ್ಕದಲ್ಲಿ ಕುಳಿತು, ಮೊಳೆ ತೋರಿಸಿ, ಮೊದಲಿನಿಂದ ವಿವರಿಸಿದಳು. "ಇವೆಲ್ಲ ಅವರು ಕೊಡಿಸದೇ ಇದ್ದದ್ದಲ್ಲ ಅತ್ತೆ. ತಿಂಗಳಾದ ಮೇಲೆ ನನಗೇ ಬೇಡ ಅನ್ನಿಸಿದ್ದು. ಆ ಕೋಟು ಹಾಕ್ಕೊಂಡಿದ್ರೆ ಅಂಚೆ ಡಬ್ಬದ ಥರ ಕಾಣ್ತಿದ್ದೆ."

ಅತ್ತೆ ನಗಲಿಲ್ಲ. ಮಡಿಲಿನಲ್ಲಿ ಬೇರೆಯಾಗಿ ಇಟ್ಟುಕೊಂಡಿದ್ದ ಮೂರು ಚೀಟಿಗಳನ್ನು ಒಂದೊಂದಾಗಿ ಮಂಚದ ಮೇಲಿಟ್ಟರು. ಮೂರರಲ್ಲೂ ಒಂದೇ ಬರಹ: 'ಬೇರೆ ಮನೆ'.

"ಇದೂ ಅವನದೇನಾ?"

"ನಂದು ಅತ್ತೆ."

ಅತ್ತೆ ಕೊನೆಯ ಚೀಟಿಯ ತಾರೀಖಿನ ಮೇಲೆ ಬೆರಳಿಟ್ಟರು. "ಅವತ್ತು ದೊಡ್ಡೋಳ ತಂಗಿ ಮನೆಯವರು ಊಟಕ್ಕೆ ಬಂದಿದ್ರು. ನಾನೊಂದು ಮಾತಂದಿದ್ದೆ."

"ಬಿಡಿ ಅತ್ತೆ."

"ಮಕ್ಕಳು ಹೆರೋದ್ರಲ್ಲೂ ಉಳಿತಾಯ ಮಾಡ್ತಿದ್ದಾಳೆ ಅಂದಿದ್ದೆ. ಎಲ್ಲರೂ ನಕ್ಕರು."

ಸೊಸೆ ತನ್ನ ಉಗುರುಗಳನ್ನು ನೋಡುತ್ತಾ ಕುಳಿತಳು. ಗ್ಲಾಸಿನ ಬಿಳಿ ಪುಡಿ ಎಷ್ಟು ತೊಳೆದರೂ ಅಲ್ಲಿ ಉಳಿಯುತ್ತದೆ. ಆಮೇಲೆ ಹೇಳಿದಳು, "ಅದಕ್ಕೆ ಹತ್ತು ದಿನದ ಹಿಂದೆ ಆಸ್ಪತ್ರೆಯಿಂದ ಬಂದಿದ್ದೆ. ಮೂರು ತಿಂಗಳಾಗಿತ್ತು. ನಿಲ್ಲಲಿಲ್ಲ... ಹೊಟ್ಟೆನೋವು ಅಂತ ನಿಮಗೆ ಹೇಳಿದ್ವಿ."

"ಅಯ್ಯೋ!" ಅತ್ತೆ ಸೆರಗು ಬಾಯಿಗೊತ್ತಿಕೊಂಡರು. "ಅಯ್ಯೋ, ನನ್ನ ನಾಲಿಗೆ ಬಿದ್ದುಹೋಗ! ಹೇಳಬಾರದಿತ್ತೇನೇ ಮಗಳೇ? ಒಂದು ಮಾತು ಹೇಳಬಾರದಿತ್ತೇನೋ, ಲೋ..." ಅವರು ಅತ್ತರು. ಜೋರಾಗಿ, ಮೈಯೆಲ್ಲ ಕುಲುಕಿ ಅತ್ತರು. ಮಗ ತಾಯಿಯ ಬೆನ್ನ ಮೇಲೆ ಕೈಯಿಟ್ಟು ನಿಂತ. ಕಿರಿಸೊಸೆ ಅಳಲಿಲ್ಲ, ಅವಳ ಪಾಲಿನ ಅಳು ಆಗಲೇ ಮುಗಿದಿತ್ತು.

ಬಹಳ ಹೊತ್ತಾದ ಮೇಲೆ ಅತ್ತೆ ಮೂಗೊರೆಸಿಕೊಂಡು ಕೇಳಿದರು. "ಮತ್ತೆ, ಇದನ್ನ ಯಾಕೆ ಡಬ್ಬಿಗೆ ಹಾಕಿದೆ? ತಿಂಗಳಾದ ಮೇಲೆ ಮರೆತುಹೋಗೋಕೆ ನನ್ನ ಮಾತೇನು ಕೋಟೇ?"

"ಮೊದಲ ಸಲ ನಿಮಗೆ ಜ್ವರ ಬಂತು. ಎರಡನೇ ಸಲ ನೆನಪಿಲ್ಲ. ಮೂರನೇ ಸಲ..." ಸೊಸೆ ನೆನಪಿಸಿಕೊಂಡಳು. "ಒಂದಿನ ನನಗೆ ಎದ್ದೇಳಕ್ಕಾಗಿರಲಿಲ್ಲ. ನೀವು ಏನೂ ಕೇಳದೆ ಬಿಸಿನೀರು ತಂದು ಬಾಗಿಲ ಹತ್ತಿರ ಇಟ್ಟು ಹೋದ್ರಿ. ಬೈದುಕೊಂಡೇ ಹೋದ್ರಿ. ಆದ್ರೆ ಮಾರನೇ ದಿನಾನೂ ತಂದಿಟ್ರಿ."

ಅತ್ತೆ ಚೀಟಿಗಳನ್ನು ಒಟ್ಟುಮಾಡತೊಡಗಿದರು. ಭಾನುವಾರ ಬಾರದ ಮಾತು ಈಗ ಕಿರಿಸೊಸೆಗೆ ಬಂತು.

"ಅತ್ತೆ, ಒಂದು ಮಾತು. ಮಕ್ಕಳು ನನಗೂ ಬೇಕಾದವರೇ. ಅಕ್ಕನಿಗೆ ಕಷ್ಟ ಅನ್ನೋದೂ ಗೊತ್ತು. ಶನಿವಾರ ಪೂರ್ತಿ ಅಡುಗೆ ನಾನೇ ಮಾಡ್ತೀನಿ, ಮಕ್ಕಳನ್ನೂ ನೋಡ್ಕೋತೀನಿ. ಆದ್ರೆ ಉಳಿದ ದಿನ, ಮಧ್ಯಾಹ್ನ... ಅದನ್ನ ಕೊಡಲಾರೆ. ಮೊಳೆ ಮೇಲೆ ಏಳು ವರ್ಷದಿಂದ ಇರೋದು ಅದೊಂದೇ. ತಿಂಗಳಿಗೊಮ್ಮೆ ಅಂತ ಎಂಬತ್ತು ಸಲ ಓದಿದ್ದೀನಿ. ಒಂದು ಸಲವೂ ಬೇಡ ಅನ್ನಿಸಿಲ್ಲ."

"ಮಧ್ಯಾಹ್ನ ಏನು ಮಾಡ್ತೀಯೆ?"

"ಏನೂ ಇಲ್ಲ."

"ಏನೂ ಇಲ್ಲದಕ್ಕೆ ಏಳು ವರ್ಷ ಅದೇ ಎರಡು ಬಟ್ಟೆ ಉಟ್ಟೆಯಾ?"

"ಹೂಂ ಅತ್ತೆ."

ಅತ್ತೆ ಅವಳನ್ನೇ ನೋಡಿದರು. ಐವತ್ತು ವರ್ಷದಿಂದ ಎರಡು ಗಂಟೆಗೆ ಪಾತ್ರೆ, ಮೂರಕ್ಕೆ ಬಟ್ಟೆ, ನಾಲ್ಕಕ್ಕೆ ಒಲೆ ಎಂದು ಬದುಕಿದ ಹೆಂಗಸು. ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಹೋದರು. ಟೇಪು ಅಲ್ಲೇ ಉಳಿಯಿತು.

ಮುಂದಿನ ತಿಂಗಳ ಮೊದಲ ಸೋಮವಾರ ಕಿರಿಸೊಸೆ ಒಂದು ಗಂಟೆಗೆ ಮನೆಗೆ ಬಂದಳು. ಊಟ ಮಾಡಿದಳು. ಕಿಟಕಿಯ ಬಳಿ ಕುರ್ಚಿ ಎಳೆದು, ಕೈ ಮಡಿಲಲ್ಲಿಟ್ಟು ಕುಳಿತಳು. ಬಿಸಿಲು ನೆಲದ ಮೇಲೆ ಬಿದ್ದಿತ್ತು. ಏಳು ವರ್ಷ ಇದ್ದ ಕೋಣೆ. ಈ ಹೊತ್ತಿನಲ್ಲಿ ಅದು ಹೀಗಿರುತ್ತದೆಂದು ಅವಳಿಗೆ ಸರಿಯಾಗಿ ಗೊತ್ತೇ ಇರಲಿಲ್ಲ.

ಕೆಳಗೆ ಶಾಲೆಯಿಂದ ಬಂದ ಮಕ್ಕಳ ಗಲಾಟೆ. ಅಂದು ರಜೆ ಹಾಕಿದ್ದ ಹಿರಿಸೊಸೆ ಮೆಟ್ಟಿಲ ಬುಡದಿಂದ ಕೂಗಿದಳು. "ಲೇ, ಬಂದಿದ್ದೀಯಲ್ಲ, ಒಂದು ನಿಮಿಷ ಕೆಳಗೆ ಬಾರೆ! ಇವರಿಬ್ಬರನ್ನ ಹಿಡ್ಕೋ!"

ಕಿರಿಸೊಸೆಯ ಕೈ ಕುರ್ಚಿಯ ತೋಳಿಗೆ ಹೋಯಿತು.

"ಕೂಗಬೇಡ," ಅತ್ತೆಯ ದನಿ. "ನಾನು ಹಿಡ್ಕೋತೀನಿ. ಅವಳಿಗೆ ಪುರುಸೊತ್ತಿಲ್ಲ."

"ಪುರುಸೊತ್ತಿಲ್ವಾ? ಏನು ಮಾಡ್ತಿದ್ದಾಳಂತೆ?"

"ಕೂತಿದ್ದಾಳೆ," ಎಂದರು ಅತ್ತೆ. "ಒಂದಿನ ನೀನೂ ಅರ್ಧ ಗಂಟೆ ಕೂತು ನೋಡು. ಅಷ್ಟೇನೂ ಸುಲಭ ಇಲ್ಲ."

ಕಿರಿಸೊಸೆ ಏಳಲಿಲ್ಲ.