ಔಷಧಿ ಹೊಡೆಯುವವನ ಹೆಂಡತಿ

ಕೆಲಸಕ್ಕೆ ಸೇರಿದ ಮೊದಲ ದಿನವೇ ಅವಳು ಅವನ ಮುಖಕ್ಕೆ ಒಂದು ಬಕೆಟ್ ನೀರು ಎರಚಿದಳು.

ಗುಲಾಬಿ ಬೆಳೆಯಲು ಪ್ಲಾಸ್ಟಿಕ್ ಹಾಳೆ ಹೊದಿಸಿ ಕಟ್ಟಿದ ಪಾಲಿಹೌಸಿನಲ್ಲಿ ಹೂ ಕೊಯ್ಯುವ ಕೆಲಸ ಅದು. ಸಾಲಿನ ತುದಿಯಲ್ಲಿ ಬಗ್ಗಿ ಕಾಂಡ ಕತ್ತರಿಸುತ್ತಿದ್ದವಳು ತಲೆಯೆತ್ತಿದಾಗ ಬಿಳಿ ಪ್ಲಾಸ್ಟಿಕ್ ಮೈ, ಗಾಜಿನ ಕಣ್ಣು, ಉದ್ದ ಮೂತಿ ಇದ್ದ ಏನೋ ಒಂದು ಗಿಡಗಳ ಸಂದಿಯಿಂದ ಎದುರಿಗೆ ಬಂದು ನಿಂತಿತ್ತು. ಹೂ ಇಡಲು ತಂದಿದ್ದ ನೀರೆಲ್ಲ ಅದರ ಮೇಲೆ ಹೋಯಿತು. ಆಮೇಲೆ ಅದು ನಿಧಾನವಾಗಿ ತನ್ನ ಮುಖವಾಡ ಕಳಚಿತು. ಒಳಗಿದ್ದದ್ದು ಬೆವರಿ ಕೆಂಪಾಗಿದ್ದ ಹುಡುಗನ ಮುಖ. ನಗಬೇಕೋ ಬೈಯಬೇಕೋ ತಿಳಿಯದೆ ಅರ್ಧಕ್ಕೆ ನಿಂತ ತುಟಿ.

"ಗುಮ್ಮ ಅಂದ್ಕೊಂಡೆ" ಎಂದಳು.

"ಗುಮ್ಮನ್ನ ಕಂಡ್ರೆ ಓಡಿಹೋಗ್ತಾರೆ. ಯಾರೂ ಸ್ನಾನ ಮಾಡ್ಸಲ್ಲ" ಎಂದ ಅವನು.

ಅಂದಿನಿಂದ ಎಲ್ಲರ ಬಾಯಲ್ಲೂ ಅವನು ಗುಮ್ಮನಾದ. ದಿನವಿಡೀ ಪಟಪಟ ಮಾತಾಡುವ ಅವಳಿಗೆ ಅವನು ಚಿನಕುರುಳಿ ಎಂದು ಹೆಸರಿಟ್ಟ.

ಗಿಡಗಳಿಗೆ ಔಷಧಿ ಹೊಡೆಯುವುದು ಅವನ ಕೆಲಸ. ಹುಳ ಸಾಯಿಸುವ ಆ ನೀರನ್ನು ಅಲ್ಲಿ ಎಲ್ಲರೂ ಔಷಧಿ ಎಂದೇ ಕರೆಯುತ್ತಿದ್ದರು. ಹೊಡೆದಾದ ಮೇಲೆ ಬಾಗಿಲಿಗೆ ಕೆಂಪು ಬಟ್ಟೆ ಕಟ್ಟುತ್ತಿದ್ದರು. ಮೇಸ್ತ್ರಿ ಬಂದು ಅದನ್ನು ಬಿಚ್ಚುವವರೆಗೆ ಯಾರೂ ಒಳಗೆ ಹೋಗಕೂಡದು ಎಂಬುದು ನಿಯಮ.

ಅವನು ಹೊರಗೆ ಪಂಪಿನ ಹತ್ತಿರ ನಿಂತರೆ ಅವಳು ಪಾಲಿಹೌಸಿನ ಮಂಜುಗಟ್ಟಿದ ಗೋಡೆಯನ್ನು ಒಳಗಿನಿಂದ ಒಂದು ಅಂಗೈಯಗಲ ಒರೆಸಿ ನೋಡುತ್ತಿದ್ದಳು. ಅವನು ನೋಡದವನಂತೆ ಪಂಪಿನ ಮೀಟರಿನಲ್ಲಿ ಕಣ್ಣು ನೆಡುತ್ತಿದ್ದ. ಕಿವಿ ಮಾತ್ರ ಕೆಂಪಾಗುತ್ತಿತ್ತು. ಊಟದ ಹೊತ್ತಿಗೆ ಅವಳು ಪಕ್ಕದಲ್ಲಿ ಬಂದು ಕೂತು, ಆ ಮೀಟರಿನಲ್ಲಿ ನನ್ನ ಮುಖ ಚೆನ್ನಾಗಿ ಕಾಣುತ್ತಾ ಎಂದು ಕೇಳಿದರೆ ಅವನಿಗೆ ತುತ್ತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು.

ಒಂದು ದಿನ ಅವಳ ಹೆಬ್ಬೆರಳಿಗೆ ಮುಳ್ಳು ಮುರಿಯಿತು. ಅವನು ಪಿನ್ನು ತಂದು ತೆಗೆಯಲು ಕೂತ. ಅಲ್ಲಿಯವರೆಗೆ ನೀವು, ಬನ್ನಿ, ಹೋಗಿ ಎನ್ನುತ್ತಿದ್ದವಳ ಬಾಯಿಂದ ನೋವಿನಲ್ಲಿ "ಮೆಲ್ಲಗೆ ತೆಗಿಯೋ" ಎಂದು ಬಂದುಬಿಟ್ಟಿತು. ಇಬ್ಬರೂ ಗಮನಿಸಿದರು. ಮುಳ್ಳು ಬೇಗನೇ ಬಂತು. ಬೆರಳನ್ನು ಬಿಡುವುದಕ್ಕೆ ಅವನಿಗೆ ಬಹಳ ಹೊತ್ತು ಹಿಡಿಯಿತು.

ಮದುವೆಯಾಗಿ ಬಸ್ ಡಿಪೋದ ಹಿಂದಿನ ಬೀದಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯ ಮನೆ ಹಿಡಿದರು. ಅವಳಿಗೆ ಅವನಿಗಿಂತ ಮೊದಲು ಕೆಲಸ ಮುಗಿಯುತ್ತಿತ್ತು. ಸಂಜೆ ಅವನ ಚಪ್ಪಲಿಯ ಸದ್ದು ಕೇಳಿದರೆ ಸಾಕು, ಬಾಗಿಲಿಗೆ ಓಡಿ ಕುತ್ತಿಗೆಗೆ ಜೋತುಬೀಳುತ್ತಿದ್ದಳು.

"ಸ್ನಾನ ಮಾಡ್ಕೊಂಡು ಬರ್ತೀನಿ, ಬಿಡೇ. ಮೈಯೆಲ್ಲ ಔಷಧಿ ವಾಸನೆ."

"ಸ್ನಾನ ಮಾಡಿದ್ರೆ ಯಾರೋ ನೆಂಟರ ಥರ ಇರ್ತೀಯ. ಹೀಗೇ ಚೆನ್ನಾಗಿದೀಯ."

ಕಳಿತ ಹಣ್ಣಿಗೆ ಸೀಮೆಎಣ್ಣೆ ಬೆರೆಸಿದಂಥ ಆ ವಾಸನೆ ಅವಳಿಗೆ ಅವನದೇ ಮೈಯ ವಾಸನೆಯಾಗಿಬಿಟ್ಟಿತ್ತು. ಅವನ ಕೆಲಸದ ಬಟ್ಟೆಯನ್ನೂ ತನ್ನ ಸೀರೆಯನ್ನೂ ಒಂದೇ ಟಬ್ಬಿನಲ್ಲಿ ನೆನೆಸುತ್ತಿದ್ದಳು.

ಅವಳು ಬಸುರಿಯಾದಳು. ಹೊಟ್ಟೆ ಕಾಣತೊಡಗಿದಾಗ ಮೇಸ್ತ್ರಿ, ಸಾಲುಗಳ ನಡುವೆ ಓಡಾಡುವುದು ಕಷ್ಟವಾದರೆ ಪ್ಯಾಕಿಂಗ್ ರೂಮಿಗೆ ಹೋಗು ಎಂದ. ಅಪಾಯದ ಮಾತೇನೂ ಅವನು ಎತ್ತಲಿಲ್ಲ. ಮನೆಗೆ ಬಂದು ಗಂಡನನ್ನು ಕೇಳಿದಳು. ಅಲ್ಲಿ ಕೂತರೆ ದಿನವೆಲ್ಲ ನಿನ್ನ ಮುಖ ಕಾಣುವುದಿಲ್ಲ, ನಾಲ್ಕು ಗೋಡೆ ನೋಡಿಕೊಂಡು ನಾನು ಯಾರ ಹತ್ತಿರ ಮಾತಾಡಲಿ ಎಂದಳು. ಅವನು ನಿನ್ನಿಷ್ಟ ಎಂದ. ಆದರೆ ಹಾಗೆನ್ನುವಾಗ ಅವನ ಮುಖ ಅರಳಿದ್ದನ್ನು ಅವಳು ನೋಡಿದಳು. ಸಾಲಿನಲ್ಲೇ ಉಳಿದಳು.

ಆ ಸಲ ಹೂವಿಗೆ ಎಂದೂ ಇಲ್ಲದ ಬೇಡಿಕೆ ಬಂತು. ದೂರದ ಊರುಗಳಲ್ಲಿ ಯಾರು ಯಾರಿಗೋ ತಮ್ಮ ಪ್ರೀತಿ ಹೇಳಿಕೊಳ್ಳಲು ಗುಲಾಬಿ ಬೇಕಾಗಿತ್ತು. ಮೇಸ್ತ್ರಿ ಕೆಂಪು ಬಟ್ಟೆಯನ್ನು ಹೊತ್ತಿಗೆ ಮೊದಲೇ ಬಿಚ್ಚತೊಡಗಿದ. ಎಲೆಗಳು ಇನ್ನೂ ತೊಟ್ಟಿಕ್ಕುತ್ತಿರುವಾಗಲೇ ಹೆಂಗಸರು ಒಳಗೆ ಹೋಗಬೇಕಿತ್ತು. ಅವಳ ತೋಳು ಮೊಣಕೈವರೆಗೆ ಒದ್ದೆ, ಹೊಟ್ಟೆಯ ಮೇಲಿನ ಸೀರೆ ಒದ್ದೆ. ತಲೆನೋವು, ವಾಂತಿ. ಬಸುರಿಗೆ ಇವೆಲ್ಲ ಇದ್ದದ್ದೇ ಎಂದು ಎಲ್ಲರೂ ಅಂದರು, ಅವಳೂ ಅಂದುಕೊಂಡಳು.

ತಾನು ಆಗಷ್ಟೇ ಔಷಧಿ ಹೊಡೆದು ಬಂದ ಪಾಲಿಹೌಸಿನೊಳಗೆ ಹೆಂಡತಿ ಹೋಗುವುದನ್ನು ಕಂಡು ಗುಮ್ಮ ಒಮ್ಮೆ ಮೇಸ್ತ್ರಿಯ ಹತ್ತಿರ ಕೇಳಿದ್ದುಂಟು. ಅದು ಹುಳಕ್ಕೆ ಹೊಡೆಯುವುದು, ಮನುಷ್ಯರಿಗಲ್ಲ ಎಂದು ಮೇಸ್ತ್ರಿ ನಕ್ಕ. ಗುಮ್ಮ ನಂಬಿದ. ನಂಬದಿದ್ದರೆ ಮುಂದೇನು ಮಾಡಬೇಕೆಂದು ಅವನಿಗೆ ಗೊತ್ತಿರಲಿಲ್ಲ.

ಹೆಣ್ಣುಮಗು ಹುಟ್ಟಿತು. ತಾಯಿಯ ಕಣ್ಣು, ತಂದೆಯ ತುಟಿ. ಪುಟ್ಟಿ, ಪುಟ್ಟಿ ಎಂದು ಇಬ್ಬರೂ ಅವಳನ್ನು ನೆಲಕ್ಕೇ ಇಳಿಸಲಿಲ್ಲ. ಅವಳನ್ನು ನೋಡಿಕೊಳ್ಳಲು ತಾಯಿ ಕೆಲಸ ಬಿಟ್ಟಳು.

ಪುಟ್ಟಿ ತಡವಾಗಿ ಕೂತಳು, ತಡವಾಗಿ ನಡೆದಳು. ಹೆಸರು ಹಿಡಿದು ಕರೆದರೆ ಒಂದೊಂದು ಸಲ ತಿರುಗುತ್ತಿದ್ದಳು, ಒಂದೊಂದು ಸಲ ಇಲ್ಲ. ಓರಗೆಯ ಮಕ್ಕಳು ಅಂಗಡಿಯವನ ಹತ್ತಿರ ಚೌಕಾಸಿ ಮಾಡುವಷ್ಟು ಮಾತು ಕಲಿತಾಗಲೂ ಅವಳ ಬಾಯಲ್ಲಿ ಅಮ್ಮ ಎನ್ನುವುದು ಅರ್ಧಕ್ಕೇ ನಿಲ್ಲುತ್ತಿತ್ತು. ಮಾತೆಲ್ಲ ತಾಯಿಯೇ ಆಡಿ ಮುಗಿಸಿದ್ದಾಳೆ, ಮಗಳಿಗೆಲ್ಲಿ ಉಳಿಯಬೇಕು ಎಂದು ಊರಿಂದ ಬಂದಾಗಲೆಲ್ಲ ಅತ್ತೆ ತಮಾಷೆ ಮಾಡುತ್ತಿದ್ದರು. ಮೊದಮೊದಲು ಎಲ್ಲರೂ ನಗುತ್ತಿದ್ದರು. ಆಮೇಲೆ ಅತ್ತೆಯೇ ಆ ಮಾತು ಬಿಟ್ಟರು. ಶಾಲೆಗೆ ಸೇರಿಸಿದ ಮೊದಲ ವಾರವೇ ಟೀಚರು, ಇವಳು ಒಂದು ಕಡೆ ಕೂರುವುದಿಲ್ಲ, ಹೇಳಿಕೊಟ್ಟದ್ದು ನಿಲ್ಲುವುದಿಲ್ಲ, ಒಮ್ಮೆ ಡಾಕ್ಟರಿಗೆ ತೋರಿಸಿ ಎಂದು ವಾಪಸು ಕಳಿಸಿದರು.

ಡಾಕ್ಟರಮ್ಮ ಬಹಳ ಹೊತ್ತು ಪುಟ್ಟಿಯ ಜೊತೆ ನೆಲದ ಮೇಲೆ ಕೂತು ಆಡಿದರು. ಬಣ್ಣದ ಬಿಲ್ಲೆ ಜೋಡಿಸಲು ಕೊಟ್ಟರು, ಚಿತ್ರ ತೋರಿಸಿ ಕೇಳಿದರು. ಎದ್ದು ಬಂದು ಕುರ್ಚಿಯಲ್ಲಿ ಕೂತು, ಮನೆತನದಲ್ಲಿ ಯಾರಿಗಾದರೂ ಹೀಗಿತ್ತೇ, ಹೆರಿಗೆ ಹೇಗಾಯಿತು ಎಂದೆಲ್ಲ ವಿಚಾರಿಸಿದರು. ಕೊನೆಗೆ ಕೇಳಿದರು.

"ಬಸುರಿಯಾಗಿದ್ದಾಗ ಏನಾದ್ರೂ ಔಷಧಿ ತಗೊಂಡಿದ್ರಾಮ್ಮ?"

"ಇಲ್ಲ ಮೇಡಮ್. ಒಂದು ತಲೆನೋವಿನ ಮಾತ್ರೇನೂ ಇಲ್ಲ" ಎಂದಳು ಚಿನಕುರುಳಿ. ಆಮೇಲೆ ಮಾತು ಸೇರಿಸುವ ಅಭ್ಯಾಸಕ್ಕೆ ಸೇರಿಸಿದಳು. "ಔಷಧಿ ಹೊಡೆಯೋ ಕಡೆ ಕೆಲಸ ಮಾಡ್ತಿದ್ದೆ, ಅಷ್ಟೇ."

ಡಾಕ್ಟರಮ್ಮನ ಪೆನ್ನು ನಿಂತಿತು. ಯಾವ ಔಷಧಿ, ಎಷ್ಟು ತಿಂಗಳು, ಹೊಡೆದ ಮೇಲೆ ಯಾವಾಗ ಒಳಗೆ ಹೋಗುತ್ತಿದ್ದಿರಿ, ಬಟ್ಟೆ ಯಾರು ಒಗೆಯುತ್ತಿದ್ದರು ಎಂದು ಒಂದೊಂದಾಗಿ ಕೇಳಿದರು. ಅವಳು ಒಂದೊಂದಾಗಿ ಹೇಳಿದಳು. ಗುಮ್ಮ ಪಕ್ಕದ ಕುರ್ಚಿಯಲ್ಲಿ ತನ್ನ ಅಂಗೈಗಳನ್ನೇ ನೋಡುತ್ತಿದ್ದ.

"ಈ ಮಗೂಗೆ ಇದರಿಂದಲೇ ಹೀಗಾಯ್ತು ಅಂತ ನಾನು ಹೇಳಲಾರೆ. ಯಾರೂ ಹಾಗೆ ಬೆರಳಿಟ್ಟು ತೋರಿಸೋಕಾಗಲ್ಲ" ಎಂದರು ಡಾಕ್ಟರಮ್ಮ. "ಆದ್ರೆ ಮಗು ಹೊಟ್ಟೇಲಿದ್ದಾಗ ಇಂಥ ವಿಷ ತಾಯಿ ಮೈಗೆ ಸೇರಿದ್ರೆ ಅದರ ಮಿದುಳು ಬೆಳೆಯೋದಕ್ಕೆ ಪೆಟ್ಟು ಬೀಳಬಹುದು. ತುಂಬ ಮಕ್ಕಳಲ್ಲಿ ಪರೀಕ್ಷೆ ಮಾಡಿ ಕಂಡಿರೋದು ಇದು. ನಿಮಗೆ ಯಾರೂ ಹೇಳಿರಲಿಲ್ವಾ?"

ಅಷ್ಟು ವರ್ಷಗಳಲ್ಲಿ ಅದನ್ನು ವಿಷ ಎಂದು ಕರೆದವರನ್ನು ಅವರಿಬ್ಬರೂ ಕಂಡದ್ದು ಅದೇ ಮೊದಲು.

ಆಸ್ಪತ್ರೆಗೆ ಬರುವಾಗ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದಿದ್ದ ಗುಮ್ಮ ಹೋಗುವಾಗ ಅವಳನ್ನು ಮುಟ್ಟಲಿಲ್ಲ. ಬೀದಿಯಲ್ಲಿ ಪುಟ್ಟಿ ಕೈ ಚಾಚಿದಳು. ಅವನು ತನ್ನ ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡು ಮುಂದೆ ಮುಂದೆ ನಡೆದ.

ಮರುದಿನದಿಂದ ಅವನು ಪಾಲಿಹೌಸಿಗೆ ಹೋಗಲಿಲ್ಲ. ಟೈರ್ ಅಂಗಡಿಯೊಂದರಲ್ಲಿ ಪಂಕ್ಚರ್ ಹಾಕುವ ಕೆಲಸ ಹಿಡಿದ. ಮನೆಯೊಳಗೆ ಬರುವ ಮೊದಲು ಹಿತ್ತಿಲಲ್ಲಿ ನಿಂತು ಸ್ನಾನ ಮಾಡುತ್ತಿದ್ದ, ಬಂದ ಮೇಲೆ ಕೈ ತೊಳೆಯುತ್ತಿದ್ದ, ಮತ್ತೆ ತೊಳೆಯುತ್ತಿದ್ದ. ಬೆರಳ ಸಂದಿ ಬಿರುಕು ಬಿಟ್ಟು ರಕ್ತ ಬರುತ್ತಿತ್ತು. ಚಾಪೆಯನ್ನು ಅಡುಗೆಮನೆಗೆ ಎಳೆದುಕೊಂಡು ಹೋದ. ಹೆಂಡತಿ ಹತ್ತಿರ ಬಂದರೆ ಮೈ ಹಿಡಿಮಾಡಿಕೊಳ್ಳುತ್ತಿದ್ದ.

ಅವಳೂ ಅತ್ತಳು. ಪ್ಯಾಕಿಂಗ್ ರೂಮಿನ ಆ ಮಾತನ್ನು ನೆನೆಸಿಕೊಂಡು ಗೋಡೆಗೆ ಹಣೆ ಒತ್ತಿಕೊಂಡು ಅತ್ತಳು. ಅತ್ತು ಮುಗಿದ ಮೇಲೆ ಸಿಟ್ಟು ಬಂತು. ಸಿಟ್ಟು ಅವಳನ್ನು ಕೂರಗೊಡಲಿಲ್ಲ. ಪಾಲಿಹೌಸಿನ ಗೇಟಿನ ಮುಂದೆ ನಿಂತು, ಕೆಲಸ ಮುಗಿಸಿ ಬರುವ ಹೆಂಗಸರಿಗೆಲ್ಲ ಹೇಳಿದಳು. ಎಲೆ ಒಣಗುವ ಮೊದಲು ಒಳಗೆ ಹೋಗಬೇಡಿ, ಬಸುರಿಯರಂತೂ ಹೋಗಲೇಬೇಡಿ, ಆ ಬಟ್ಟೆಯನ್ನು ಮನೆಬಟ್ಟೆಯ ಜೊತೆ ಒಗೆಯಬೇಡಿ. ಮೇಸ್ತ್ರಿ ಬಂದು, ನಿನ್ನ ಮಗು ಹಾಗಿರುವುದಕ್ಕೆ ನಮ್ಮ ಔಷಧಿಯೇ ಕಾರಣ ಎಂದು ಸಾಬೀತು ಮಾಡು ನೋಡೋಣ ಎಂದ. ಕೆಲವರು ತಲೆ ತಗ್ಗಿಸಿಕೊಂಡು ಹೋದರು. ಒಬ್ಬ ಬಸುರಿ ಮಾತ್ರ ಮರುದಿನ ಹುಡುಕಿಕೊಂಡು ಬಂದು ಎಲ್ಲವನ್ನೂ ಮತ್ತೊಮ್ಮೆ ಕೇಳಿಸಿಕೊಂಡು, ಹಟ ಹಿಡಿದು ಪ್ಯಾಕಿಂಗ್ ರೂಮಿಗೆ ಬದಲಾಯಿಸಿಕೊಂಡಳು.

ಅದನ್ನು ಹೇಳಲು ಚಿನಕುರುಳಿ ಓಡೋಡಿ ಮನೆಗೆ ಬಂದಳು. ಗಂಡ ಕೇಳಿಸಿಕೊಂಡು, "ನಮ್ಗೆ ಯಾರೂ ಹೇಳ್ಲಿಲ್ಲ" ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿ ಮಲಗಿದ.

ಪುಟ್ಟಿ ಕಲಿಯುತ್ತಿದ್ದಳು, ತನ್ನದೇ ನಿಧಾನದಲ್ಲಿ. ತಾಯಿ ದಿನಾ ಕೂತು ಅಂಗಿಯ ಗುಂಡಿ ಹಾಕುವುದನ್ನು ಕಲಿಸುತ್ತಿದ್ದಳು. ತಿಂಗಳುಗಟ್ಟಲೆ ಬಾರದ ವಿದ್ಯೆ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಬಂದುಬಿಟ್ಟಿತು. ಮಗು ಖುಷಿಯಿಂದ ಅಪ್ಪನ ಹತ್ತಿರ ಓಡಿ, ಎದೆ ಮುಂದೆ ಮಾಡಿ ಗುಂಡಿ ತೋರಿಸಿತು. ಗುಮ್ಮ ನೋಡಿದ. ಅವನ ಮುಖ ಕಿವುಚಿಕೊಂಡಿತು, ಕಣ್ಣು ತುಂಬಿತು. ಎದ್ದು ಹಿತ್ತಿಲಿಗೆ ಹೋದ.

ಪುಟ್ಟಿ ಸ್ವಲ್ಪ ಹೊತ್ತು ಬಾಗಿಲನ್ನೇ ನೋಡಿದಳು. ಆಮೇಲೆ ತಲೆ ಬಗ್ಗಿಸಿ, ತಾನು ಹಾಕಿದ್ದ ಗುಂಡಿಯನ್ನು ತಾನೇ ಮೆಲ್ಲಗೆ ಬಿಚ್ಚಿದಳು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಚಿನಕುರುಳಿ ಅದನ್ನು ಕಂಡಳು.

ಬೇರೆ ಊರಿನಲ್ಲಿ ಇಂಥ ಮಕ್ಕಳಿಗಾಗಿ ಒಂದು ಶಾಲೆಯಿದೆ ಎಂದು ಡಾಕ್ಟರಮ್ಮ ಹೇಳಿದ್ದರು. ಅವಳು ಅಲ್ಲಿಗೆ ಹೋಗಿ ಬಂದು, ಹತ್ತಿರದ ಟೈಲರ್ ಅಂಗಡಿಯಲ್ಲಿ ಕೆಲಸವನ್ನೂ ಗೊತ್ತು ಮಾಡಿಕೊಂಡಳು. ಎಲ್ಲ ಮುಗಿದ ಮೇಲೆ ಗಂಡನಿಗೆ ಹೇಳಿದಳು. ನಾನು, ಪುಟ್ಟಿ ಇಬ್ಬರೇ ಹೋಗುತ್ತೇವೆ ಎಂದಳು.

"ನನ್ ಮೇಲೆ ಕೋಪಾನಾ?" ಎಂದು ಕೇಳಿದ ಅವನು.

"ಇತ್ತು. ನನ್ ಮೇಲೂ ಇತ್ತು. ಈಗ ಅದಲ್ಲ" ಎಂದಳು. "ನೀನು ಅವಳನ್ನ ನೋಡ್ದಾಗೆಲ್ಲ ನಿನ್ ತಪ್ಪನ್ನ ನೋಡ್ತೀಯ. ಅವಳಿಗೆ ಮಾತು ಬರದೇ ಇರ್ಬಹುದು, ಮುಖ ಓದೋಕೆ ಬರತ್ತೆ. ಅವಳು ತಪ್ಪಲ್ಲ. ನನ್ ಮಗಳು."

ಅವನು ನೆಲ ನೋಡುತ್ತ, ನಿನಗೆ ನನ್ನ ಮೇಲೆ ಪ್ರೀತಿ ಉಳಿದಿಲ್ಲವೇ ಎಂದ.

"ಉಳಿದಿದೆ. ಅದಕ್ಕೇ ಇಷ್ಟು ದಿನ ಇದ್ದೆ."

ಬಸ್ಸಿನವರೆಗೆ ಅವನೇ ಬ್ಯಾಗು ಹೊತ್ತು ತಂದ. ಸ್ಟ್ಯಾಂಡಿನ ಕಟ್ಟೆಯ ಮೇಲೆ ಮೂವರೂ ಕೂತರು. ಕಾಯುತ್ತ ಕಾಯುತ್ತ ಪುಟ್ಟಿ ಅವನ ತೊಡೆಯೇರಿ, ಬಿರುಕುಬಿಟ್ಟ ಅವನ ಬೆರಳುಗಳನ್ನು ಒಂದೊಂದಾಗಿ ಮಡಚಿ, ಒಂದೊಂದಾಗಿ ಬಿಡಿಸಿ ಆಡತೊಡಗಿದಳು. ಅವನು ಕೈ ಹಿಂದಕ್ಕೆಳೆಯಲಿಲ್ಲ.

"ನಾನೂ ಬರ್ಲಾ?" ಎಂದ, ಬಸ್ಸು ಬಂದು ನಿಂತಾಗ.

ಅವಳು ಅವನನ್ನು ನೋಡಿದಳು. ಅವನ ಹಣೆಗಂಟಿದ ಕೂದಲನ್ನು ಹಿಂದಕ್ಕೆ ಸರಿಸಬೇಕೆಂದು ಅವಳ ಕೈ ಏಳುತ್ತಿತ್ತು. ಅದೇ ಕೈಯಲ್ಲಿ ಮಗಳನ್ನು ಎತ್ತಿಕೊಂಡಳು.

"ಅವಳನ್ನ ನೋಡಿ ಅಳದೇ ಇರೋಕಾಗೋ ದಿನ ಬಾ. ಕಾಯ್ತಿರ್ತೀನಿ."

ಬಸ್ಸು ಹೊರಟಿತು. ಕಿಟಕಿಯ ಗಾಜಿಗೆ ಮೂಗು ಒತ್ತಿಕೊಂಡು ಪುಟ್ಟಿ ಅವನನ್ನೇ ನೋಡುತ್ತಿದ್ದಳು. ಗುಮ್ಮ ಬಸ್ಸಿನ ಪಕ್ಕದಲ್ಲಿ ನಾಲ್ಕು ಹೆಜ್ಜೆ ಓಡಿ, ಇದ್ದ ಶಕ್ತಿಯನ್ನೆಲ್ಲ ಒಟ್ಟುಮಾಡಿ ನಗಲು ನೋಡಿದ. ನಗು ಬಂತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಮಗಳ ಮುಖದಲ್ಲಿ ಅದನ್ನು ಕಂಡು ತಿಳಿದುಕೊಳ್ಳುವಷ್ಟರಲ್ಲಿ ಬಸ್ಸು ತಿರುವು ದಾಟಿತ್ತು.