ಮೂಲ್ಯಾನ ಟೇಕು

"ನಾ ನಿಲ್ತೀನ್ರಿ ಕಾಕಾ ಕೆಳಗ," ಅಂತ ಪರಾಗ ಅಂದಕೂಡ್ಲೇ ಮನೀಷಾಗ ಮೈಯೆಲ್ಲಾ ಉರೀತು.

ಉರೀದೇ ಏನಾಗ್ತದ? ಅಕ್ಕಲಕೋಟದಾಗ ಕಟ್ಟಾಕತ್ತಿದ್ದ ಆ ಮನಿಗೆ ಇವತ್ತು ಸ್ಲ್ಯಾಬ್. ಅದರ ಭಾರ ಹೊರೋ ಕಟಗಿ ಟೇಕು ಎಲ್ಲಾ ಆಕೀನ ನಿಲ್ಲಿಸಿದ್ಲು. ನಿಂಗಣ್ಣ ಮಿಸ್ತ್ರಿ ಕಡೆ ಒಂದು ಪದ್ಧತಿ ಐತಿ. ಮ್ಯಾಲ ಕಾಂಕ್ರೀಟ್ ಮಾಲು ಬೀಳೋ ಹೊತ್ತಿಗೆ, ಟೇಕು ಕೊಟ್ಟವರೇ ಸುತ್ತಿಗಿ ಹಿಡ್ಕೊಂಡು ಕೆಳಗ ನಿಲ್ಲಬೇಕು. ಯಾವ ಟೇಕು ಸಡ್ಲಾದ್ರೂ ಬಡದು ಬಿಗಿ ಮಾಡಬೇಕು.

ಆದ್ರ ಇವತ್ತು ಅದ ಮಿಸ್ತ್ರಿ, "ಹೆಣ್ಣುಹುಡುಗಿ ಕೆಳಗ ಬ್ಯಾಡವಾ," ಅಂದುಬಿಟ್ಟ. ಪರಾಗ ಮುಂದ ಜಿಗದ.

"ಹೀರೋ ಆಗೋದು ಬ್ಯಾಡ," ಅಂದ್ಲು ಆಕಿ ಹಲ್ಲು ಕಡಕೋತ. "ಅವು ನನ್ನ ಟೇಕು."

"ನಿನ್ನವು ಅಂತನ ಧೈರ್ಯಾ ಮಾಡೀನಿ," ಅಂದ ಅವ. ಹುಬ್ಬು ಹಾರಿಸಿ ಕಣ್ಣಾಗ ನಕ್ಕ. ಹೆಲ್ಮೆಟ್ ಹಾಕ್ಕೊಂಡು ಕೆಳಗ ಹೋಗೇಬಿಟ್ಟ.

ಇಬ್ಬರೂ ಸೋಲಾಪುರದ ಟ್ರೇನಿಂಗ್ ಸೆಂಟರಿನಾಗ ಮನಿ ಕಟ್ಟೋ ಬಡಗಿ ಕೆಲಸ ಕಲಿಯೋವ್ರು. ಪ್ರ್ಯಾಕ್ಟಿಕಲ್‌ಗಂತ ಮಿಸ್ತ್ರಿ ಕೈಕೆಳಗ ಬಂದಿದ್ರು. ಆಕಿ ವಾಗದರಿಯ ಹೊಲ-ಮನಿ ಇದ್ದವರ ಮಗಳು. ಅವ ಸೋಲಾಪುರದ ಕ್ಲರ್ಕ್ ಮಗ. ಫೈಲು ಬಿಟ್ಟು ಕಟಗಿ ಹೆರಿಯೋ ರಂದಾ ಹಿಡದಾನಂತ ಮನ್ಯಾಗ ಇನ್ನೂ ಮುಖಾ ಉಬ್ಬಿಸ್ಕೊಂಡಾರ. ಇವರಿಬ್ಬರ ನಡುವ ಏನೈತಿ ಅಂತ ಸೆಂಟರಿಗೆಲ್ಲಾ ಗೊತ್ತಿತ್ತು. ಇವರಿಗೆ ಮಾತ್ರ ಗೊತ್ತಿರಲಿಲ್ಲ, ಏನು ಹೇಳೂನು!

ಮಿಕ್ಸರ್ ಗುಡುಗುಡು ಅಂತು. ಮನೀಷಾ ಮ್ಯಾಲ ನಿಂತು ಮಾಲು ಹರವಾಕತ್ತಿದ್ಲು. ಕೆಲಸ ಸರೀತಾ ಸರೀತಾ ಬಾವಿ ಕಡೆ ಮೂಲಿಗೆ ಬಂತು ನೋಡ್ರಿ, ಆಕಿ ಮಾಲು ಹರವೂದು ಬಿಟ್ಟು ನಿಂತ್ಲು.

ಆ ಮೂಲ್ಯಾನ ಟೇಕು! ನಿನ್ನೆ ಸಂಜೀಕ ಎಲ್ಲಾದಕ್ಕಿಂತ ಕಡೀಕ ನಿಲ್ಲಿಸಿದ್ದು. ಬುಡಕ್ಕ ಬಿಗಿ ಆಗ್ಲೆಂತ ಕಟಗಿ ಬೆಣಿ ಬಡದಿದ್ಲು. ಬೆಣಿ ಜಾರಬಾರದಂತ ಅದಕ್ಕೊಂದು ಮೊಳಿ ಹೊಡೀಬೇಕು. ಮೊಳಿ ತುಟ್ಯಾಗ ಕಚ್ಚಿ ಹಿಡದಿದ್ಲು, ಅಷ್ಟರಾಗ ಪರಾಗ ಬಂದ, ಕೂದ್ಲ ತುಂಬಾ ಕಟಗಿ ಹೊಟ್ಟು. "ಬಾಯಾಗ ಮೊಳಿ ಇದ್ದಾಗ ಎಷ್ಟು ಶಾಣ್ಯಾಕಿ ಕಾಣ್ತೀ! ಜಗಳಾನ ಆಡಂಗಿಲ್ಲ," ಅಂದ. ಆಕಿ ನಗು ತಡೀಲಾರದೇ ಮೊಳಿ ಉಗುಳಿದ್ಲು. ಅವನ್ನ ನೋಡಿದ್ಲು. ಅವನೂ ನೋಡಿದ. ಯಾರೂ ಕಣ್ಣು ತಗೀಲಿಲ್ಲ. ಯಾರೋ ಚಾ ಅಂತ ಒದರಿದ್ರು, ಇಬ್ಬರೂ ಹೋದ್ರು.

ಮೊಳಿ ಹೊಡದೆನೋ ಇಲ್ಲೋ? ಎಷ್ಟು ನೆನಸಿದ್ರೂ ಅವನ ಕಣ್ಣ ನೆನಪಾಗ್ತಾವ, ಸುತ್ತಿಗಿ ಸಪ್ಪಳ ನೆನಪಾಗವಲ್ದು.

ಒದರಿದ್ರ ಸ್ಲ್ಯಾಬ್ ನಡುವ ನಿಲ್ತದ. ಹುಡುಗಿ ಕೊಟ್ಟ ಟೇಕಪಾ, ಮತ್ತೇನಾಗ್ತದ ಅಂತ ಎಲ್ಲಾರೂ ನಗ್ತಾರ. ಇನ್ನ ಯಾವ ಮಿಸ್ತ್ರಿ ಕೆಲಸಾ ಕೊಟ್ಟಾನು? ಸುಮ್ನಿದ್ರ? ಇಷ್ಟೆಲ್ಲಾ ಭಾರ, ಕೆಳಗ ಅವ ಒಬ್ಬಾವ. ಮಾಲಿನ ಬುಟ್ಟಿ ಮೂಲಿ ಕಡೆ ಹೊಂಟಿತ್ತು.

"ನಿಲ್ಲಸ್ರಿ!"

ಆ ಒದರಾಟಕ್ಕ ಮಿಕ್ಸರಿನವ ಸೈತ ಬೆಚ್ಚಿಬಿದ್ದ. "ಕಾಕಾ, ಆ ಮೂಲಿಗೆ ಹಾಕಬ್ಯಾಡ್ರಿ! ನನ್ನ ಟೇಕು ಕಚ್ಚಾ ಐತಿ. ತಪ್ಪು ನಂದ ಐತ್ರಿ!"

ಬೈಗುಳಾ ಕೇಳಾಕ ಯಾರು ನಿಂತಾರ? ಏಣಿ ಇಳದು ಓಡಿದ್ಲು.

ಕೆಳಗ ಮಬ್ಬುಗತ್ತಲಿ. ಹಲಗಿ ಸಂದಿನಿಂದ ಸಿಮೆಂಟ್ ನೀರು ಟಪ್ ಟಪ್ ಬೀಳತಿತ್ತು. ಮೂಲ್ಯಾಗ ಪರಾಗ ಕುಕ್ಕರಗಾಲಿಲೆ ಕುಂತಿದ್ದ. ಎರಡೂ ಕೈಲೆ ಬೆಣಿ ಒತ್ತಿ ಹಿಡದಿದ್ದ. ಅದಕ್ಕ ಮೊಳಿ ಇರಲಿಲ್ಲ. ಒಂದು ಕೈ ಬಿಟ್ಟು ಸುತ್ತಿಗಿ ತಗೋಬೇಕಂದ್ರ ಬೆಣಿ ಜಾರ್ತಿತ್ತು.

ಮನೀಷಾ ಅವನ ಬಾಜೂಕ ಬಿದ್ದಿದ್ದ ಸುತ್ತಿಗಿ, ಮೊಳಿ ತಗೊಂಡ್ಲು. ಗಡಿಬಿಡ್ಯಾಗ ಮೊದಲನೇ ಮೊಳಿ ಸೊಟ್ಟಾತು. ಅದನ್ನ ಕಿತ್ತು ಇನ್ನೊಂದು ಹೊಡದ್ಲು. ಟೇಕು ಹಿಡದು ಜಗ್ಗಿ ನೋಡಿದ್ಲು. ಜಪ್ಪಯ್ಯ ಅಂದ್ರೂ ಅಲಗಾಡಲಿಲ್ಲ.

"ಯಾವಾಗ ಗೊತ್ತಾತು ನಿನಗ?"

"ಮಿಕ್ಸರ್ ಸುರು ಆದಾಗ. ಅದರ ಅದುರಿಗೆ ಬೆಣಿ ಜಾರಾಕತ್ತಿತ್ತು, ಹಿಡಕೊಂಡೆ."

"ಮತ್ತ ಒದರಬಾರದೇನೋ?"

"ಒದರಿದ್ರ ಟೇಕು ಯಾರು ಕೊಟ್ಟಿದ್ದಂತ ಕೇಳ್ತಿದ್ರು," ಅವ ತಲಿ ಬಗ್ಗಿಸಿದ. "ನಿನ್ನ ಹೆಸರು ಹೇಳಬೇಕಾಗ್ತಿತ್ತು."

ಮನೀಷಾ ಅವನ ಹೆಲ್ಮೆಟ್ಟಿಗೆ ಫಟ್ ಅಂತ ಒಂದು ಕೊಟ್ಲು. ಆಮ್ಯಾಲ ಅಳು ಒತ್ತರಿಸಿ ಬಂತು. "ಹುಚ್ಚಾ! ಆ ಹೆಸರು ತಗೊಂಡು ಉಪ್ಪಿನಕಾಯಿ ಹಾಕ್ಲೇನು? ನಿನಗೇನರ ಆಗಿದ್ರ ನಾ ಹೆಂಗ ಬದಕ್ಲಿ?"

"ಅಂದ್ರ?"

"ಅಂದ್ರ ನೀ ಬೇಕು ನನಗ! ಇನ್ನೂ ಬಿಡಿಸಿ ಹೇಳಬೇಕೇನು?"

ಇಷ್ಟು ದಿನಾ ಮಾತಿಗೆ ಮಾತು ಎಸೀತಿದ್ದ ಶಾಣ್ಯಾ ಪರಾಗ, ಈಗ ಆಕಿ ಕಣ್ಣೀರು ಒರಸೂದನ್ನೂ ಮರತು ನೋಡ್ಕೋತ ನಿಂತ.

ಅಷ್ಟರಾಗ ಮಿಸ್ತ್ರಿ ಬಗ್ಗಿ ಒಳಗ ಬಂದ. ಒಂದೊಂದ ಟೇಕು ಬಡದು ನೋಡಿದ. ಬೈದ, ಭಾಳ ಬೈದ. ಆಮ್ಯಾಲ ಮನೀಷಾನ ಕಡೆ ತಿರುಗಿ, "ಇಷ್ಟು ಮಂದಿ ಮುಂದ ತಪ್ಪು ನಂದು ಅಂದಿ. ನಾನೂ ತಪ್ಪು ಮಾಡಿದೆ, ಕೆಳಗ ಬ್ಯಾಡ ಅಂದೆ. ಇದು ನಿನ್ನ ಜಾಗಾ, ನೀನ ನಿಲ್ಲು. ಏ ಪರಾಗಾ, ಮ್ಯಾಲ ನಡಿ. ಆ ಮೂಲಿಗೆ ನೀ ಹಾಕು ಮಾಲು," ಅಂದ.

ಪರಾಗನ ಮುಖಾ ಸುಣ್ಣಾ ಬಡದಂಗಾತು. "ಈಕಿ ಕೆಳಗ ಇದ್ದಾಗ ನಾ ಹಾಕ್ಲೇನ್ರಿ?"

"ಹಾಕು," ಅಂದ್ಲು ಮನೀಷಾ. ಅನ್ನೂದೇನೋ ಅಂದ್ಲು, ಮತ್ತೊಂದ್ಸಲ ಟೇಕು ಜಗ್ಗಿ ನೋಡಿದ್ಲು.

ಮತ್ತ ಮಿಕ್ಸರ್ ಸುರು ಆತು. ತಲಿ ಮ್ಯಾಲ ಮೊದಲನೇ ಬುಟ್ಟಿ ಧಪ್ ಅಂತ ಬಿತ್ತು, ಹಲಗಿ ಕಿರ್ ಅಂತು, ಆಕಿ ಉಸರು ಹಿಡದು ಟೇಕಿನ ಮ್ಯಾಲ ಕೈಯಿಟ್ಟು ನಿಂತ್ಲು.

"ಮನೀಷಾ, ಅದೀಯೇನು?" ಪರಾಗ ಮ್ಯಾಲಿಂದ ಒದರಿದ.

"ಅದೀನಿ! ಹಾಕು!"

ಮತ್ತೊಂದು ಬುಟ್ಟಿ ಬೀಳೋದು ತಡಾತು. ಮಿಸ್ತ್ರಿ ಗದರಿಸಿದ್ದು ಕೇಳಸ್ತು. ಆಮ್ಯಾಲ ಪರಾಗನ ದನಿ, ಅಳೋವನಂಗ, ಇಡೀ ಓಣಿಗೆ ಕೇಳೋಹಂಗ ಬಂತು: "ನನಗೂ ನೀನ ಬೇಕು ಮನೀಷಾ! ಕೇಳಸ್ತೇನು?"

ಮ್ಯಾಲ ಮಂದಿಯೆಲ್ಲಾ ಹೋ ಅಂತ ನಕ್ರು. ಕೆಳಗ ಆಕಿ ಟೇಕಿನ ಮ್ಯಾಲಿನ ಕೈ ತಗೀಲಿಲ್ಲ.

"ಕೇಳಸ್ತೋ ಮಾರಾಯಾ," ಅಂತ ಒದರಿದ್ಲು. "ಮೊದಲ ಸ್ಲ್ಯಾಬ್ ಮುಗಸು. ನಾ ಎಲ್ಲೂ ಹೋಗಂಗಿಲ್ಲ."